ಕುಂಕುಮದ ಬೊಟ್ಟು

ಅಮೃತವ್ವ ಹೊಸ ಕಂಪ್ಯೂಟರಿನ ಮದರ್‌ಬೋರ್ಡಿನ ನಟ್ಟನಡುವೆ ಹೆಬ್ಬೆರಳಿನಿಂದ ಕುಂಕುಮ ಒತ್ತಿ ಕೈಮುಗಿದಳು. ಪ್ರೊಸೆಸರ್ ಕೂರಿಸಲೆಂದು ಮಗ ದುರ್ಗೇಶ ಆಗಷ್ಟೇ ಮುಚ್ಚಳ ತೆಗೆದಿದ್ದ ಚೌಕವದು. ಒಳಗೆಲ್ಲ ಕೂದಲೆಳೆಯಂಥ ಪಿನ್ನುಗಳು.

"ಎಲ್ಲಾ ಕೂಡಿ ಬಂದಾವಲ್ಲೋ?" ಎಂದಳು, ಜಾತಕದ ಮಾತೆತ್ತಿದಂತೆ.

ಬೈಕಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋದ ಮೇಲೆ ಐದು ತಿಂಗಳು ಮಂಚದಲ್ಲೇ ಕುಳಿತು, ಯಾವ ಬೋರ್ಡಿಗೆ ಯಾವ ಪ್ರೊಸೆಸರ್ ಹೊಂದುತ್ತದೆಂದು ನೋಡಿ ನೋಡಿ ಅವನು ಆರಿಸಿದ್ದ. "ಆಟದಾಗರ ಓಡ್ತೇನಿ ಯವ್ವಾ" ಎಂದಿದ್ದ. ಈಗ ಮೊಬೈಲಿನ ಬೆಳಕು ಹಿಡಿದು ನೋಡಿದರೆ, ಕೆಂಪು ಪುಡಿಯ ಕೆಳಗೆ ಪಿನ್ನುಗಳು ಗಾಳಿಗೆ ಮಲಗಿದ ಜೋಳದಂತೆ ಬಾಗಿದ್ದವು; ಪ್ರೊಸೆಸರ್ ಇನ್ನು ಕೂರುವಂತಿರಲಿಲ್ಲ.

"ಯಾಕಪಾ, ಏನ್ ನೋಡಾಕತ್ತಿ? ನಾ ಏನರ ತಪ್ಪ ಮಾಡಿದ್ನೇನು?"

"ಇಲ್ಲ ಯವ್ವಾ. ಆರ್ಸೂದ್ರಾಗ ನಾನ ತಪ್ಪೇನಿ. ಇವು ಕೂಡಿ ಬರೂದಿಲ್ಲ."

"ಹೋಗ್ಲಿ ಬಿಡು, ಬ್ಯಾರೇದು ತರಿಸಿದ್ರಾತು" ಎಂದ ಅಮೃತವ್ವ, ಬೆರಳಲ್ಲಿ ಉಳಿದ ಕುಂಕುಮವನ್ನು ಅವನ ಪಾದಕ್ಕೆ ಗಟ್ಟಿಯಾಗಿ ಒತ್ತಿದಳು. ದಿನವೂ ಕೇಳುವಂತೆ ಕೇಳಿದಳು: "ಒತ್ತಿದ್ದು ಗೊತ್ತಾತೇನೋ?"

ದಿನವೂ ಇಲ್ಲವೆನ್ನುತ್ತಿದ್ದ ದುರ್ಗೇಶ, ಬೋರ್ಡಿನಿಂದ ಕಣ್ಣೆತ್ತದೆ, "ಹೂಂ, ಗೊತ್ತಾತು" ಎಂದ.