ಒರೆಸದ ಮೇಜು

ನಾಲ್ಕನೆಯ ಪೆಟ್ರಿ ತಟ್ಟೆಯನ್ನು ಯಾಸ್ಮೀನ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದ ಗುರುತೇ ಇರಲಿಲ್ಲ.

ಶಾಲೆಯ ಪ್ರಯೋಗಾಲಯದ ಮೂರು ಬೆಂಚುಗಳನ್ನು ಫಿನಾಯಿಲ್, ಬ್ಲೀಚಿಂಗ್ ಪೌಡರ್, ಸ್ಪಿರಿಟ್ ಬಳಸಿ ಬೇರೆಬೇರೆಯಾಗಿ ಒರೆಸಿ, ಯಾವುದು ಹೆಚ್ಚು ಪರಿಣಾಮಕಾರಿ ಎಂದು ಅವಳು ಪರೀಕ್ಷಿಸುತ್ತಿದ್ದಳು. ಅವುಗಳಿಂದ ಮಾದರಿ ತೆಗೆದು ಹಚ್ಚಿದ ತಟ್ಟೆಗಳಲ್ಲಿ ಅಷ್ಟಿಷ್ಟು ಬ್ಯಾಕ್ಟೀರಿಯಾ ಚುಕ್ಕೆಗಳಿದ್ದವು. ಹೋಲಿಕೆಗೆಂದು, ‘ಒರೆಸಬೇಡಿ’ ಎಂದು ಚೀಟಿ ಅಂಟಿಸಿ, ಒರೆಸದೆ ಬಿಟ್ಟಿದ್ದು ಅವಳ ಸ್ವಂತ ಮೇಜನ್ನು; ಎಲ್ಲಕ್ಕಿಂತ ಹೆಚ್ಚು ಚುಕ್ಕೆಗಳು ಅದರ ತಟ್ಟೆಯಲ್ಲಿರಬೇಕಿತ್ತು. ಮುಂದಿನ ವಾರ ಪಾಂಡವಪುರದಲ್ಲಿ ವಿಜ್ಞಾನ ಪ್ರದರ್ಶನ. ಅಲ್ಲಿಯಾದರೂ ಸಹೋದ್ಯೋಗಿಗಳು ಪಕ್ಕಕ್ಕೆ ಬಂದು ಎರಡು ಮಾತು ಕೇಳಿಯಾರು ಎಂದು ಅವಳು ಎಣಿಸಿದ್ದಳು.

ಬಾಗಿಲ ಬಳಿ ಆಯಾ ದ್ಯಾವಮ್ಮ ಬಟ್ಟೆ ಹಿಂಡುತ್ತಿದ್ದಳು.

“ದ್ಯಾವಮ್ಮ, ನನ್ನ ಮೇಜು ಒರೆಸಿದ್ರಾ?”

“ಚೀಟಿ ಅಂಟ್ಸಿದ್ರಲ್ಲ ಮಿಸ್ಸು. ಓದಕ್ ಬರಾಕಿಲ್ಲ, ಅದ್ಕೇ ಅತ್ತಾಗೆ ತಲೇನೂ ಆಕ್ಲಿಲ್ಲ.”

“ಬೇರೆ ಯಾರಾದ್ರೂ ಒರೆಸಿರಬಹುದಾ?”

“ನಿಮ್ ಮೇಜ್ ತಾವ್ಕೆ ಯಾರ್ ಬತ್ತಾರೆ?” ಎಂದು ದ್ಯಾವಮ್ಮ ಬಟ್ಟೆಯನ್ನು ಕೊಡವಿ ಬಕೆಟ್ಟಿನ ಮೇಲೆ ಹರವಿದಳು.

ಶಿಕ್ಷಕರ ಕೊಠಡಿಯಲ್ಲಿ ಕುರ್ಚಿ ಇಲ್ಲವೆಂದು ಅತಿಥಿ ಶಿಕ್ಷಕಿಯಾದ ಅವಳಿಗೆ ಜೂನ್‌ನಲ್ಲಿ ಪ್ರಯೋಗಾಲಯದಲ್ಲೇ ಜಾಗ ಕೊಟ್ಟಿದ್ದರು. ಬಂದವರಿಗಿರಲಿ ಎಂದು ಅವಳೇ ಎದುರಿಗೆ ಒಂದು ಸ್ಟೂಲು ಇಟ್ಟಿದ್ದಳು. ಹತ್ತಿಕಡ್ಡಿಯಿಂದ ಮಾದರಿ ತೆಗೆದದ್ದು ಆ ಸ್ಟೂಲಿನ ಕಡೆಗಿದ್ದ ಮೇಜಿನ ಅಂಚಿನಿಂದ. ಬೆಂಚುಗಳಿಗೆ ಬ್ಯಾಕ್ಟೀರಿಯಾ ಬರುವುದು ಬಹುಪಾಲು ಮನುಷ್ಯರ ಕೈಗಳಿಂದ ಎಂದು ಮಕ್ಕಳಿಗೆ ಪಾಠ ಮಾಡಿದ್ದವಳು ಅವಳೇ. ದ್ರಾವಣಗಳನ್ನು ಅಷ್ಟು ಎಚ್ಚರದಿಂದ ಅಳೆದವಳಿಗೆ, ಯಾರ ಕೈಯೂ ತಾಕದ ಜಾಗವನ್ನು ಹೋಲಿಕೆಗೆ ಆರಿಸಿದ ಈ ಲೋಪ ಹೊಳೆದಿರಲಿಲ್ಲ.

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ಆ ಅಂಚಿನಲ್ಲಿಟ್ಟಳು.

“ಬನ್ನಿ, ಇಲ್ಲಿ ಕೂತ್ಕೊಳ್ಳಿ. ಕೈ ಮೇಜಿನ ಮೇಲಿಡಿ.”

“ಕೈಯೆಲ್ಲ ಫಿನಾಯಿಲು ಕಣವ್ವ.”

“ಇರಲಿ.”

“ಪ್ರಯೋಗಕ್ಕಾ?”

ಫಿನಾಯಿಲು ಮೆತ್ತಿದ ಕೈಯಿಂದ ಯಾವ ಪ್ರಯೋಗವೂ ಆಗದೆಂದು ಯಾಸ್ಮೀನ್‌ಗೆ ಗೊತ್ತಿತ್ತು.

“ಹೌದು,” ಎಂದಳು, “ಪ್ರಯೋಗಕ್ಕೇ.”

ದ್ಯಾವಮ್ಮ ಸೆರಗಿಗೆ ಕೈ ಒರೆಸಿಕೊಂಡು, ಸ್ಟೂಲಿನ ತುದಿಯಲ್ಲಿ ಕುಳಿತು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಅಗಲಿಸಿಟ್ಟಳು. “ಎಷ್ಟೊತ್ತು ಇಂಗೇ ಮಡಗಿರ್ಬೇಕು?”

“ಚಹಾ ಮುಗಿಯೋವರೆಗೆ,” ಎಂದು ಯಾಸ್ಮೀನ್ ಮುಚ್ಚಳದ ಅಂಚಿನವರೆಗೂ ಮತ್ತೆ ಚಹಾ ತುಂಬಿದಳು.