ಹೊಸ್ತಿಲಾಚೆಯ ಕೆಮ್ಮು

ಖಾರದ ಗಿರಣಿಯ ಘಾಟಿಗೆ ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ಈರಭದ್ರಪ್ಪನ ಎರಡು ಪಕ್ಕೆಲುಬುಗಳ ನಡುವಿನ ಮಾಂಸ ಹರಿದಿತ್ತು. ಕೆಮ್ಮಿದಾಗಲೆಲ್ಲ ಆ ಸಂದಿಯಿಂದ ಶ್ವಾಸಕೋಶ ನಿಂಬೆಹಣ್ಣಿನಷ್ಟು ಉಬ್ಬಿ ಬರುತ್ತಿತ್ತು. ಡಾಕ್ಟರು ಜಾಲರಿಯ ತುಂಡಿಟ್ಟು ಹೊಲಿದು, ಮನೆಗೆ ಕಳಿಸುವಾಗ ಎಚ್ಚರಿಸಿದ್ದರು: "ಮೂರು ತಿಂಗಳು ಜೋರಾಗಿ ಕೆಮ್ಮೋ ಹಾಗಿಲ್ಲ, ಯಜಮಾನ್ರೇ. ಹೊಲಿಗೆ ಕಿತ್ತು ಬಂದರೆ ಮತ್ತೆ ಕೊಯ್ಯಬೇಕಾಗುತ್ತೆ."

ಈಗ ಅವನು ತನ್ನ ಮನೆಯ ಬಾಗಿಲಲ್ಲೇ ಚಡಪಡಿಸುತ್ತಿದ್ದ. ಒಳಗೆ ಸೊಸೆ ಕೂಸಿಗೆ ಹಾಲೂಡುವ ಹೊತ್ತು. ಬಾಗಿಲಿಗೆ ಬರೀ ಪರದೆ. ಅವಳು ಮದುವೆಯಾಗಿ ಬಂದ ದಿನದಿಂದಲೂ ಹೊಸ್ತಿಲಾಚೆ ನಿಂತು ಎರಡು ಸಲ ಕೆಮ್ಮಿ, ಅವಳು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಬಿಟ್ಟು ಒಳಗೆ ಕಾಲಿಡುವುದು ಅವನ ರೂಢಿ.

ಎದುರುಮನೆಯ ಸಾಕವ್ವ ನಕ್ಕಳು. "ಏನಣ್ಣಾ, ನಿನ್ನ ಮನೆಗೆ ನೀನೇ ಕಾವಲಾ?"

"ಕೆಮ್ಮೋ ಹಾಗಿಲ್ವಲ್ಲವ್ವಾ."

"ಬಾಯಿಲ್ವಾ? ಕೂಗು."

"ಕೂಗಿದ್ರೆ ನನಗೇನೋ ಆಯ್ತು ಅಂತ ಗಾಬರಿಬಿದ್ದು, ಕೂಸನ್ನ ಎದೆಯಿಂದ ಕಿತ್ಕೊಂಡು ಓಡಿ ಬರ್ತಾಳೆ."

ಗಂಟಲು ಕೆರೆಯತೊಡಗಿತು. ಪಕ್ಕೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಉಗುಳು ನುಂಗಿ, ಮೆಟ್ಟಿಲಿಂದ ಬೇಲಿಗೆ, ಬೇಲಿಯಿಂದ ಮೆಟ್ಟಿಲಿಗೆ ಚಪ್ಪಲಿ ಎಳೆದುಕೊಂಡು ತಿರುಗಿದ. ಏನಾದರಾಗಲಿ, ಕೆಮ್ಮಿಯೇ ಬಿಡುತ್ತೇನೆಂದು ಹೊಸ್ತಿಲ ಮುಂದೆ ನಿಂತು ಉಸಿರೆಳೆದುಕೊಂಡ.

ಅಷ್ಟರಲ್ಲಿ ಪರದೆಯ ಒಳಗಿನಿಂದ ಸೊಸೆ, ಥೇಟ್ ಮಾವನ ಹಾಗೆ, ಎರಡು ಸಲ ಕೆಮ್ಮಿದಳು.