ಇನ್ನೂ ಎಣಿಸದ ಕೂಸು

"ಅಂಗಿ ಬಿಚ್ಚರಿ," ಎಂದಳು ಸಿಸ್ಟರ್ ಸುನಿತಾ.

ಇಜಾಜ ಸುತ್ತಲೂ ನೋಡಿದ. ಗದಗಿನ ಆ ಆಸ್ಪತ್ರೆಯ ಕೂಸುಗಳ ವಾರ್ಡಿನಲ್ಲಿ ಅವನೊಬ್ಬನೇ ಗಂಡಸು. ದಿನ ತುಂಬುವ ಮೊದಲೇ ಹುಟ್ಟಿದ ಅವನ ಮಗಳು ಸುನಿತಾಳ ಅಂಗೈಯಲ್ಲಿದ್ದಳು. ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಹೆಂಡತಿ ನೂರೀನ ಹೆರಿಗೆಯಾದಂದಿನಿಂದ ಜ್ವರ ಬಂದು ಮೇಲಿನ ಮಹಡಿಯಲ್ಲಿ ಮಲಗಿದ್ದಳು.

"ನಾ ಲಕ್ಷ್ಮೇಶ್ವರದಾಗ ಗಾದಿ ಹೊಲಿಯಾಂವ್ರಿ ಸಿಸ್ಟರ್. ಮನ್ಯಾಗ ಛಲೋ ಹಿಂಜಿದ ಹತ್ತಿ ಐತಿ. ತಂದು, ಅದರಾಗ ಸುತ್ತಿ ಮಲಗಿಸಿದ್ರ ಆಗೂದಿಲ್ಲೇನ್ರಿ?"

"ಹತ್ತಿ ಇದ್ದ ಕಾವು ಕಾಯತೈತಿ, ಹೊಸಾ ಕಾವು ಕೊಡೂದಿಲ್ಲ. ಈ ಕೂಸಿನ ಮೈಯಾಗ ಕಾವೇ ಸಾಲದು, ನಿಮ್ಮ ಮೈಯ ಕಾವು ಬೇಕು. ಇದರವ್ವ ಏಳೂತನಕ ನೀವ ಅವ್ವ. ಬಿಚ್ಚರಿ."

ಅವನು ಗುಂಡಿ ಬಿಚ್ಚಿದ. ಸುನಿತಾ ಕೂಸನ್ನು ಅವನ ಬರಿ ಎದೆಗೆ ಆನಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಮೆತ್ತನೆಯ ಬಟ್ಟೆಯಿಂದ ಕಟ್ಟಿದಳು. ಇಬ್ಬರು ಮಲಗುವ ಗಾದಿಯನ್ನು ಒಂಟಿಯಾಗಿ ಹೆಗಲಿಗೇರಿಸುತ್ತಿದ್ದ ಅವನು ಈಗ ಎರಡೂ ಕೈಯಿಂದ ಆ ಪುಟ್ಟ ಬೆನ್ನನ್ನು ಹಿಡಿದ. ಕಾರಿಡಾರಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ತಲೆ ಎತ್ತಲಿಲ್ಲ.

ಅಂದಿನಿಂದ ಆ ಕುರ್ಚಿಯೇ ಅವನ ಮನೆಯಾಯಿತು. ಸುನಿತಾ ಬಂದು ಸಣ್ಣ ನಳಿಗೆಯಿಂದ ಹನಿಹನಿ ಹಾಲು ಹಾಕಿ ಹೋಗುವಳು. ಎದುರಿನ ಗೋಡೆಯ ಮೇಲೆ ಒಂದು ಚಾರ್ಟು ತೂಗುತ್ತಿತ್ತು, ಕೆಂಪು ಪಟ್ಟಿಗಳು, ಒಂದು ಗಿಡ್ಡ, ಒಂದು ಉದ್ದ. ಬೇರೆ ನೋಡಲು ಏನೂ ಇರಲಿಲ್ಲ. ಒಂದು ಮುಂಜಾನೆ ಅವನು ಅದೇನೆಂದು ಕೇಳಿಯೇಬಿಟ್ಟ.

"ಸಾವಿರ ಕೂಸು ಹುಟ್ಟಿದ್ರ ವರ್ಷ ತುಂಬೂದ್ರೊಳಗ ಎಷ್ಟು ತೀರಕೋತಾವ ಅಂತ ತೋರಸೂದು ಅದು," ಎಂದಳು ಸುನಿತಾ. "ಆ ಗಿಡ್ಡ ಪಟ್ಟಿ ಶ್ರೀಮಂತ ದೇಶದ್ದು, ಎರಡೋ ಮೂರೋ. ಇದು ನಮ್ಮದು, ಇಪ್ಪತ್ತೈದರ ಮ್ಯಾಲೆ. ಕೆಳಗಿನವು ನಮಗಿಂತ ಬಡ ದೇಶದವು. ಇದರ ಜೋಡಿ ಮಂದಿ ಎಷ್ಟು ವರ್ಷ ಬದುಕ್ತಾರ, ಎಷ್ಟು ಓದ್ತಾರ, ಎಷ್ಟು ಗಳಸ್ತಾರ, ಇದನ್ನೆಲ್ಲಾ ನೋಡಿ ಯಾವ ದೇಶ ಎಷ್ಟು ಮುಂದ ಬಂದೈತಿ ಅಂತ ಅಳೀತಾರ."

"ಇದರಾಗ ನನ್ನ ಮಗಳು ಎಲ್ಲಿ ಅದಾಳ್ರಿ?"

ಸುನಿತಾ ಕೂಸಿನ ಕುಲಾವಿ ಸರಿಪಡಿಸಿದಳು. "ಆಕೀನ್ನ ಇನ್ನೂ ಎಣಿಸಿಲ್ಲ. ವರ್ಷ ತುಂಬಲಿ, ಉಳದವರ ಕಡೆ ಎಣಸ್ತಾರ."

"ಹಿಂಗ ಎದೀಗೆ ಕಟಗೊಳ್ಳೂದು ಶ್ರೀಮಂತರು ಹೇಳಿಕೊಟ್ಟಿದ್ದೇನ್ರಿ?"

"ಅಲ್ಲ. ಕೊಲಂಬಿಯಾ ಅಂತ ದೂರದ ದೇಶ, ಅವರೂ ಅಂಥಾ ಉಳ್ಳವರಲ್ಲ. ಕಾವು ಕೊಡೋ ಪೆಟಗಿ ಕಡಿಮಿ ಬಿದ್ದಾಗ ಅಲ್ಲಿ ಡಾಕ್ಟರು ಇದನ್ನ ಸುರು ಮಾಡಿದ್ರು. ಈಗ ಆ ಗಿಡ್ಡ ಪಟ್ಟಿಯವರೂ ಇದನ್ನ ಕಲತಾರ."

ಮಧ್ಯಾಹ್ನ ಇಜಾಜನ ತಂದೆ ಕರೀಮಸಾಬ ಬುತ್ತಿ ಕಟ್ಟಿಕೊಂಡು ಲಕ್ಷ್ಮೇಶ್ವರದಿಂದ ಬಂದ. ಬಾಗಿಲಲ್ಲೇ ನಿಂತು ಮುಖ ಹಿಂಡಿದ. "ಏನ್ಲೇ ಇದು? ಗಂಡಸು ಬಾಣಂತಿಯಂಗ ಕುಂಡ್ರೂದು ಛಂದ ಏನು?"

"ಛಂದ ಕಾಣಲಿ ಅಂತ ಕುಂತಿಲ್ಲಪ್ಪಾ," ಎಂದ ಇಜಾಜ, ಮತ್ತೆ ಸುನಿತಾ ಹೇಳಿದ್ದನ್ನೆಲ್ಲ ತಂದೆಗೆ ಹೇಳಿದ.

ಮುದುಕ ಚಾರ್ಟನ್ನು ಬಹಳ ಹೊತ್ತು ನೋಡಿದ. "ನಿನಗಿಂತ ಮೊದಲ ನಿಮ್ಮವ್ವ ಎರಡು ಹಡದಿದ್ಲು. ಹೆಸರಿಡೂತನಕಾನೂ ಉಳೀಲಿಲ್ಲ. ಅವನ್ನ ಯಾವ ಪಟ್ಟಿಯಾಗ ಹಿಡದ್ರೋ, ಯಾರಿಗೆ ಗೊತ್ತು." ಬುತ್ತಿ ಬಿಚ್ಚಿ ರೊಟ್ಟಿ ಮುರಿದ. ಮಗನ ಎರಡೂ ಕೈ ಕೂಸಿನ ಮೇಲಿದ್ದವು. ಮುದುಕ ಪಲ್ಯ ಹಚ್ಚಿದ ತುತ್ತನ್ನು ತಾನೇ ಅವನ ಬಾಯಿಗಿಟ್ಟ.

ಇಜಾಜ ತುತ್ತು ನುಂಗುತ್ತಿದ್ದಂತೆ ಎದೆಯ ಮೇಲಿನ ಪುಟ್ಟ ಉಸಿರಾಟ ನಿಂತಿತು. ಕೂಸಿನ ತುಟಿ ನೀಲಿಯಾಯಿತು. "ಸಿಸ್ಟರ್," ಎಂದು ಕೂಗಿದ. ಸುನಿತಾ ಓಡಿ ಬಂದು ಕೂಸಿನ ಅಂಗಾಲು ತಿಕ್ಕಿದಳು, ಬೆನ್ನು ತಿಕ್ಕಿದಳು. ಮೂವರ ಕಣ್ಣೂ ಆ ತುಟಿಯ ಮೇಲೇ ಇದ್ದವು. ಕೊನೆಗೆ ಕೂಸು ಬಿಕ್ಕಿದಂತೆ ಉಸಿರೆಳೆದುಕೊಂಡು ಕೀರಲು ದನಿಯಲ್ಲಿ ಅತ್ತಿತು.

"ಇಷ್ಟು ಮುಂಚೆ ಹುಟ್ಟಿದವು ಒಮ್ಮೊಮ್ಮೆ ಉಸಿರು ಮರೀತಾವ," ಎಂದಳು ಸುನಿತಾ. "ನೆನಪು ಮಾಡಬೇಕು, ಅಷ್ಟ."

ಆಮೇಲೆ ಇಜಾಜ ಕಣ್ಣು ಮುಚ್ಚಲು ಒಪ್ಪಲಿಲ್ಲ. ಮರುದಿನ ಅವನು ಕುಳಿತಲ್ಲೇ ತೂಗಾಡತೊಡಗಿದಾಗ ಕರೀಮಸಾಬ ನಲ್ಲಿಯ ಕಡೆ ಹೋಗಿ, ಮೊಣಕೈತನಕ ಸೋಪು ಹಚ್ಚಿ ಕೈ ತೊಳೆದು ಬಂದ. ಜುಬ್ಬಾ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ.

"ತಾ ಇಲ್ಲೆ. ನೀ ಒಂಚೂರು ಅಡ್ಡಾಗು."

ಸುನಿತಾ ಕೂಸನ್ನು ಆ ನರೆತ ಎದೆಗೆ ಕಟ್ಟಿದಳು. ಮುದುಕ ಕಲ್ಲಿನಂತೆ ಬಿಗಿದು ಕುಳಿತ.

"ಉಸಿರು ಬಿಗಿ ಹಿಡೀಬ್ಯಾಡಪ್ಪಾ," ಎಂದ ಇಜಾಜ ಮೆಲ್ಲಗೆ. "ನಿನ್ನ ಉಸಿರು ಕೇಳಿ ಅದು ತನ್ನದನ್ನ ನೆನಸಿಕೋತೈತಿ."

ಹಾಗೆ ತಂದೆ ಮಗ ಸರದಿಯ ಮೇಲೆ ಕುಳಿತರು. ಕಾರಿಡಾರಿನಲ್ಲಿ ನಗುವವರಿಗೆ ನಕ್ಕು ಸಾಕಾಯಿತು. ಕೂಸಿನ ಕೆನ್ನೆ ಮೆಲ್ಲಗೆ ತುಂಬಿತು. ನೂರೀನಳ ಜ್ವರ ಬಿಟ್ಟಿತು, ಅವಳು ಗೋಡೆ ಹಿಡಿದು ಮೆಟ್ಟಿಲಿಳಿದು ಬಂದು ಮಗಳನ್ನು ಮೊದಲ ಸಲ ಎದೆಗೆ ತೆಗೆದುಕೊಂಡಳು. ಮನೆಗೆ ಕಳಿಸುವ ದಿನ ಹೆಸರೇನೆಂದು ಸುನಿತಾ ಕೇಳಿದಾಗ ಮುದುಕನೇ ಮುಂದೆ ಬಂದು "ಕೈನಾತ. ಅಂದ್ರ ಇಡೀ ಜಗತ್ತು" ಎಂದ.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ನೂರೀನ ಮಗಳನ್ನು ಸೆರಗಿನೊಳಗೆ ಹಿಡಿದು ಕಿಟಕಿಯ ಪಕ್ಕ ಕುಳಿತಳು. ಹಿಂದಿನ ಸೀಟಿನಲ್ಲಿ ಇಜಾಜ, ಅವನ ಪಕ್ಕ ಕರೀಮಸಾಬ. ರಸ್ತೆಯ ತುಂಬ ತಗ್ಗು. ಬಸ್ಸು ಎತ್ತಿ ಹಾಕಿದಾಗಲೆಲ್ಲ ಆ ಇಬ್ಬರು ಗಂಡಸರ ಕೈಗಳು, ಅವರಿಗೇ ತಿಳಿಯದಂತೆ, ತಮ್ಮ ತಮ್ಮ ಬರಿದಾದ ಎದೆಯನ್ನು ಅವಚಿಕೊಳ್ಳುತ್ತಿದ್ದವು.